ಗುಂಡ: ಒಂದು ಆಡುಹೆಸರಿನ ಅರ್ಥ ಮತ್ತು ಪ್ರಸಾರ

ಕನ್ನಡ ವ್ಯಕ್ತಿನಾಮಗಳ ಅಧ್ಯಯನದಲ್ಲಿ ದೇವತಾನಾಮಗಳಿಗೂ ಮನೆತನದ ಹೆಸರುಗಳಿಗೂ ಸಂದಿರುವ ಗಮನ ಆಡುಹೆಸರುಗಳಿಗೆ ಸಂದಿಲ್ಲ. ಶಾಸ್ತ್ರೋಕ್ತವಾಗಿ ಇಟ್ಟ ಹೆಸರು ಹಿರಿದು, ಬಾಯಿಮಾತಿನಲ್ಲಿ ಹುಟ್ಟಿದ ಹೆಸರು ಕಿರಿದು ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಆದರೆ ಬಾಯಿಮಾತಿನಲ್ಲಿ ಹುಟ್ಟಿ, ಶಾಸನಕ್ಕೂ ಕಾವ್ಯಕ್ಕೂ ಶಾಲೆಯ ದಾಖಲೆಗೂ ಏರಿ, ಮತ್ತೆ ಬಾಯಿಮಾತಿಗೇ ಇಳಿದ ಹೆಸರೊಂದಿದೆ. ಅದು ‘ಗುಂಡ’. ಮೇಲುನೋಟಕ್ಕೆ ಹುಡುಗಾಟದ್ದಾಗಿ ತೋರುವ ಈ ಹೆಸರಿನ ಹಿಂದೆ ಮಗುವನ್ನು ಉಳಿಸಿಕೊಳ್ಳುವ ಹಂಬಲವಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಗುಂಡು’ ಎಂಬುದು ಕನ್ನಡ, ತೆಲುಗು, ತಮಿಳುಗಳಿಗೆ ಸಮಾನವಾದ ದ್ರಾವಿಡ ಪದ. ಉರುಟಾದುದು, ಉರುಟಾದ ಕಲ್ಲು ಎಂಬುವು ಅದರ ಮೂಲಾರ್ಥಗಳು. ಫಿರಂಗಿ, ಕೋವಿಗಳು ಬಂದ ಮೇಲೆ ಅವುಗಳಿಂದ ಹಾರುವುದೂ ಗುಂಡಾಯಿತು. ಈಚಿನ ಪಟ್ಟಣದ ಆಡುಮಾತಿನಲ್ಲಿ ‘ಗುಂಡು ಹಾಕುವುದು’ ಎಂದರೆ ಮದ್ಯ ಸೇವಿಸುವುದು. ಮಗುವಿನ ಹೆಸರಿಗೆ ಸಂಬಂಧಿಸಿದ್ದು ಮೊದಲಿನ ಎರಡು ಅರ್ಥಗಳು ಮಾತ್ರ. ಮೈತುಂಬಿಕೊಂಡ ಮಗುವನ್ನು ‘ಗುಂಡಗಿದ್ದಾನೆ’ ಎನ್ನುತ್ತಾರೆ. ಆದ್ದರಿಂದ ಗುಂಡ ಎಂದರೆ ದಪ್ಪನೆಯವನು ಎಂದಷ್ಟೇ ಅರ್ಥ ಹೇಳಿ ಮುಗಿಸುವುದು ವಾಡಿಕೆ. ಇದು ತಪ್ಪಲ್ಲ, ಆದರೆ ಅರ್ಧ ಮಾತ್ರ.

ಉಳಿದರ್ಧ ಒರಳಿನಲ್ಲಿದೆ. ರುಬ್ಬುವ ಒರಳಿನ ಗುಂಡುಕಲ್ಲು ಕನ್ನಡ ಮನೆಗಳಲ್ಲಿ ಬರಿಯ ಅಡುಗೆಯ ಸಾಧನವಾಗಿರಲಿಲ್ಲ. ತೊಟ್ಟಿಲಿಗೆ ಹಾಕುವ ಶಾಸ್ತ್ರದಲ್ಲಿ ಹಲವು ಮನೆತನಗಳವರು ಮೊದಲು ಈ ಕಲ್ಲನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ, ಕೂಸಿನಂತೆ ಸಿಂಗರಿಸಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಮುತ್ತೈದೆಯರು ತೊಟ್ಟಿಲಿನ ಎರಡು ಬದಿಗೆ ನಿಂತು ಕಲ್ಲನ್ನು ಕೆಳಗಿನಿಂದಲೂ ಮೇಲಿನಿಂದಲೂ ಒಬ್ಬರಿಂದೊಬ್ಬರಿಗೆ ದಾಟಿಸುವುದುಂಟು. ಆ ಬಳಿಕವೇ ಮಗುವಿನ ಸರದಿ. ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿ ಆ ಕಲ್ಲನ್ನೇ ‘ಗುಂಡಪ್ಪ’ ಎಂದು ಕರೆಯುತ್ತಾರೆ. ಅಂದರೆ ತೊಟ್ಟಿಲಿನ ಮೊದಲ ಗುಂಡ ಕಲ್ಲೇ, ಕೂಸು ಎರಡನೆಯವನು.

ಈ ಆಚರಣೆಯಲ್ಲಿ ಎರಡು ಆಶಯಗಳು ಹೆಣೆದುಕೊಂಡಿವೆ. ಬರುವ ದೃಷ್ಟಿ ಮೊದಲು ಕಲ್ಲಿಗೆ ತಾಗಿ ತೀರಲಿ ಎಂಬುದು ಒಂದು. ಕಲ್ಲಿನ ಗಟ್ಟಿತನ ಅದೇ ಜಾಗದಲ್ಲಿ ಮಲಗುವ ಮಗುವಿಗೆ ಇಳಿಯಲಿ ಎಂಬುದು ಇನ್ನೊಂದು. ‘ಗುಂಡುಕಲ್ಲಿನ ಹಾಗಿರು’ ಎಂಬ ಹಿರಿಯರ ಮಾತಿನಲ್ಲಿ ಎರಡನೆಯ ಆಶಯ ನೇರವಾಗಿಯೇ ಇದೆ. ಗೃಹ್ಯಸೂತ್ರಗಳ ಜಾತಕರ್ಮದಲ್ಲಿಯೂ ಹುಟ್ಟಿದ ಮಗು ಕಲ್ಲಿನಂತಾಗಲಿ ಎಂಬ ಹಾರೈಕೆಯುಂಟು. ಹಾಗೆಂದು ಜನಪದರು ಅದನ್ನು ಅಲ್ಲಿಂದ ಪಡೆದರು ಎನ್ನಬೇಕಾಗಿಲ್ಲ. ಮನೆಯಲ್ಲಿ ಅತ್ಯಂತ ಗಟ್ಟಿಯಾದ ವಸ್ತು ಯಾವುದೆಂದು ಹೇಳಲು ಹೆಂಗಸರಿಗೆ ಸೂತ್ರಗಳ ನೆರವು ಬೇಕಿರಲಿಲ್ಲ.

ಈ ಹಂಬಲದ ತೀವ್ರತೆಯನ್ನು ಅರಿಯಲು ಒಂದು ಅಂಕಿಯನ್ನು ನೆನೆಯಬಹುದು. 20ನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದ 1000 ಶಿಶುಗಳಲ್ಲಿ ಸುಮಾರು 200 ಶಿಶುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರ ವೇಳೆಗೆ ಈ ಸಂಖ್ಯೆ 28ಕ್ಕೆ ಇಳಿಯಿತು. ಐದರಲ್ಲಿ ಒಂದು ಕೂಸು ಕೈಬಿಟ್ಟುಹೋಗುತ್ತಿದ್ದ ಕಾಲದಲ್ಲಿ ಹೆಸರಿಡುವುದೂ ಒಂದು ರಕ್ಷಣೋಪಾಯವಾಗಿತ್ತು. ತಿಪ್ಪ, ತಿರುಕ, ಅಡಿವೆಪ್ಪ, ಸುಡುಗಾಡೆಪ್ಪ ಮೊದಲಾದ ಹೆಸರುಗಳು ಮಗು ಬೆಲೆಯಿಲ್ಲದ್ದೆಂದು ನಟಿಸಿ ಸಾವನ್ನು ವಂಚಿಸುವ ಬಗೆಯವು. ಹುಟ್ಟಿದವು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ಬರುವ ಆಚರಣೆ ಇದಕ್ಕೆ ಹೊಂದಿಕೊಂಡೇ ಇತ್ತು. ಕಲ್ಲಪ್ಪ, ಬಂಡೆಪ್ಪ, ಗುಂಡಪ್ಪ ಎಂಬುವು ಬೇರೆ ಬಗೆ. ಇಲ್ಲಿ ನಟನೆಯಿಲ್ಲ, ನೇರ ಬೇಡಿಕೆಯಿದೆ. ಅವುಗಳಲ್ಲಿಯೂ ಗುಂಡ ವಿಶಿಷ್ಟವಾದುದು. ಕೂಸು ದುಂಡಗಿದೆ ಎಂದು ಬಾಯಿಬಿಟ್ಟು ಹೊಗಳಿದರೆ ದೃಷ್ಟಿಯಾದೀತು ಎಂಬ ಭಯ ತಾಯಿಗಿದೆ. ಗುಂಡ ಎಂದು ಗೇಲಿಯ ಧಾಟಿಯಲ್ಲಿ ಕರೆದರೆ ಹೊಗಳಿಕೆಯೂ ಆಯಿತು, ಅದು ಹೊಗಳಿಕೆಯೆಂದು ಯಾರಿಗೂ ತಿಳಿಯಲೂ ಇಲ್ಲ. ಈ ಹೆಸರಿನ ಹಾಸ್ಯವೇ ಅದರ ಕವಚ ಎಂದು ನನ್ನ ಅಭಿಪ್ರಾಯ.

ಹೆಸರಿನ ಪ್ರಾಚೀನತೆಗೆ ಆಧಾರಗಳು ಬೇಕಾದಷ್ಟಿವೆ. ಹರಿಹರ ಕವಿ ಕುಂಬಾರ ಗುಂಡಯ್ಯನನ್ನು ಕುರಿತು ರಗಳೆ ರಚಿಸಿದ್ದಾನೆ. ಮಡಕೆಗೂ ಗುಂಡಗಿನ ಆಕಾರಕ್ಕೂ ಇರುವ ನಂಟಿನಿಂದ ಇದು ವೃತ್ತಿಸೂಚಕವೆಂದು ಭಾವಿಸುವ ಆಸೆ ಹುಟ್ಟುತ್ತದೆ. ಆದರೆ ಬೇಲೂರಿನ ಚೆನ್ನಕೇಶವ ದೇವಾಲಯದ ಗೋಪುರವನ್ನು 1397ರಲ್ಲಿ ಮರಳಿ ಕಟ್ಟಿಸಿದವನು ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡ. ತೆಲುಗು ನಾಡಿನಲ್ಲಿ ಕಾಕತೀಯರ ಪೂರ್ವಿಕರಲ್ಲಿಯೂ ಈ ಹೆಸರಿನವರಿದ್ದಾರೆ. ಕುಂಬಾರನಿಂದ ದಂಡನಾಯಕನವರೆಗೆ ಹಬ್ಬಿದ ಹೆಸರನ್ನು ಒಂದು ವೃತ್ತಿಗೆ ಕಟ್ಟಿಹಾಕಲಾಗದು. ಆಧುನಿಕ ಕಾಲದಲ್ಲಿ ಡಿ.ವಿ. ಗುಂಡಪ್ಪ (1887-1975), 1980ರಿಂದ 1983ರವರೆಗೆ ಮುಖ್ಯಮಂತ್ರಿಯಾಗಿದ್ದ ಆರ್. ಗುಂಡೂರಾವ್ ಇವರಿಂದ ಈ ಹೆಸರು ಮನೆಮಾತಾಯಿತು. ಗುಂಡಪ್ಪನವರು ತಮ್ಮ ಕಗ್ಗಕ್ಕೆ ಆರಿಸಿಕೊಂಡ ಮಂಕುತಿಮ್ಮನೂ ಪೆದ್ದುತನದ ಸೋಗು ಹಾಕಿದ ಹೆಸರೇ ಎಂಬುದು ಸ್ವಾರಸ್ಯಕರ.

ಆಡುಹೆಸರು ಅಧಿಕೃತ ನಾಮವಾದ ಬಗೆ ಹೇಗೆ? ಒಂದು ಮುಖ್ಯ ದಾರಿ ಹೆಸರು ಹೇಳಬಾರದೆಂಬ ನಿಷೇಧದ್ದು. ಮಗನಿಗೆ ತಾತನ ಹೆಸರಿಡುವುದು ಸಂಪ್ರದಾಯ. ಆದರೆ ಸೊಸೆ ಮಾವನ ಹೆಸರು ಹೇಳುವಂತಿಲ್ಲ. ತನ್ನ ಮಗುವನ್ನೇ ಹೆಸರು ಹಿಡಿದು ಕರೆಯಲಾಗದ ತಾಯಿ ಪುಟ್ಟ ಎಂದಳು, ಅಪ್ಪಿ ಎಂದಳು, ಗುಂಡ ಎಂದಳು. ಮಗು ಶಾಲೆಗೆ ಹೋದಾಗ ಜೊತೆಗೆ ಬಂದ ಹಿರಿಯರು ಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿದರೆ ಮೇಷ್ಟರು ಅದಕ್ಕೆ ಅಪ್ಪ, ಅಣ್ಣ, ರಾವ್ ಸೇರಿಸಿ ಬರೆದುಕೊಳ್ಳುತ್ತಿದ್ದರು. 1969ರ ಜನನ ಮರಣ ನೋಂದಣಿ ಅಧಿನಿಯಮದ ತರುವಾಯ ಜನನ ಪ್ರಮಾಣಪತ್ರ ಕ್ರಮೇಣ ಕಡ್ಡಾಯದಂತಾಗಿ ಈ ಬಾಗಿಲು ಮುಚ್ಚಿತು. ಹೆಸರು ಈಗ ಮೊದಲು ಕಾಗದದಲ್ಲಿ ಹುಟ್ಟುತ್ತದೆ. ಅಲ್ಲಿ ಸಂಸ್ಕೃತದ ಚಿಕ್ಕ ಹೆಸರುಗಳಿಗೇ ಮನ್ನಣೆ.

ಹೆಸರು ಹಿಂದೆ ಸರಿಯಲು ಇನ್ನೊಂದು ಕಾರಣವೂ ಇದೆ. ಹಿಂದಿಯಲ್ಲಿ ಪುಂಡನನ್ನು ಸೂಚಿಸುವ ಪದ ‘ಗುಂಡಾ’. ಕನ್ನಡದಲ್ಲಿ ಇದನ್ನು ‘ಗೂಂಡಾ’ ಎಂದು ದೀರ್ಘವಾಗಿ ಬರೆಯುವ ರೂಢಿಯಿರುವುದರಿಂದ ಎರಡೂ ಬೇರೆಯಾಗಿಯೇ ಉಳಿದಿವೆ. 1985ರ ಕರ್ನಾಟಕದ ಕಾನೂನು ‘ಗೂಂಡಾ ಕಾಯ್ದೆ’ ಎಂದೇ ಪ್ರಸಿದ್ಧ. ಆದರೆ ರೋಮನ್ ಲಿಪಿಯಲ್ಲಿ ಬರೆದಾಗ, ಇಲ್ಲವೇ ಹಿಂದಿ ಬಲ್ಲವರ ಎದುರು ಕೂಗಿದಾಗ, ಅಜ್ಜಿಯ ಗುಂಡ ಪುಂಡನಾಗಿಬಿಡುತ್ತಾನೆ. ನಗರದ ತಂದೆತಾಯಂದಿರ ಅಳುಕು ಇಲ್ಲಿ ಸಹಜವೇ.

ಆದರೂ ಗುಂಡ ಅಳಿದಿಲ್ಲ. ಪತ್ರಿಕೆಗಳ ನಗೆಹನಿಗಳಲ್ಲಿ ಆತ ನೆಲೆಸಿದ್ದಾನೆ. ಅಲ್ಲಿ ಆತ ಪೆದ್ದನಂತೆ ಕಂಡರೂ, ಮೇಷ್ಟರ ಪ್ರಶ್ನೆಗೆ ಅವರನ್ನೇ ಪೇಚಿಗೆ ಸಿಲುಕಿಸುವ ಉತ್ತರ ಕೊಡುವವನು. 2020ರಲ್ಲಿ ತೆರೆಕಂಡ ‘ನಾನು ಮತ್ತು ಗುಂಡ’ ಚಲನಚಿತ್ರದಲ್ಲಿ ಗುಂಡ ಒಂದು ನಾಯಿ. ಇದನ್ನು ಅವನತಿ ಎನ್ನುವವರಿದ್ದಾರೆ. ಮುದ್ದಿನ ಪ್ರಾಣಿಗೆ ಮುದ್ದಿನ ಹೆಸರು ಸಲ್ಲುವುದರಲ್ಲಿ ನನಗೆ ಅವನತಿ ಕಾಣುವುದಿಲ್ಲ. ಚಿಂತಿಸಬೇಕಾದದ್ದು ಬೇರೆ. ವಿದ್ಯುತ್ ರುಬ್ಬುಯಂತ್ರ ಬಂದ ಮೇಲೆ ಒರಳು ಹಿತ್ತಿಲು ಸೇರಿದೆ. ಬಾಡಿಗೆ ಮನೆಗಳಲ್ಲಿ ಅದೂ ಇಲ್ಲ. ನಾಮಕರಣಕ್ಕೆಂದು ಗುಂಡುಕಲ್ಲನ್ನು ನೆರೆಯವರಿಂದ ಕೇಳಿ ತರುವವರೂ ಇದ್ದಾರೆ, ಬಟ್ಟೆ ಸುತ್ತಿದ ತೆಂಗಿನಕಾಯಿಯಿಂದ ಶಾಸ್ತ್ರ ಮುಗಿಸುವವರೂ ಇದ್ದಾರೆ. ಕಲ್ಲನ್ನು ದಾಟಿಸುವಾಗ ಹೆಂಗಸರು ಆಡುವ ಮಾತುಗಳು ಊರಿಂದೂರಿಗೆ, ಮನೆತನದಿಂದ ಮನೆತನಕ್ಕೆ ಬೇರೆ. ಅವನ್ನು ಬಲ್ಲ ಹಿರಿಯರು ಇರುವಾಗಲೇ ಜಿಲ್ಲಾವಾರು ಸಂಗ್ರಹಿಸುವ ಕೆಲಸ ನಡೆಯಬೇಕಾಗಿದೆ.