ಗೀಸರ್ ಮುನಿಸಿಕೊಂಡಾಗ

ತಾಮ್ರದ ಹಂಡೆಯ ಕಾಲದಲ್ಲಿ ಬಿಸಿನೀರಿಗೆ ರಿಪೇರಿಯ ಗೋಜು ಅಷ್ಟಾಗಿ ಇರಲಿಲ್ಲ. ಒಣ ಸೌದೆ ಇದ್ದರೆ ಸುಖಸ್ನಾನ, ಹಸಿ ಸೌದೆಯಾದರೆ ಒಂದಿಷ್ಟು ಕಣ್ಣುರಿ. ಈಗ ಹಂಡೆಯ ಜಾಗಕ್ಕೆ ಗೀಸರ್ ಬಂದಿದೆ. ಪರೀಕ್ಷೆಯ ದಿನ ಬೆಳಿಗ್ಗೆಯೇ ಅದು ಕೈಕೊಟ್ಟರೆ ಮನೆಮಂದಿಗೆಲ್ಲ ತಣ್ಣೀರೇ ಗತಿ. ಆದರೆ ಗೀಸರಿನ ಎಷ್ಟೋ ತೊಂದರೆಗಳ ಮೂಲವನ್ನು ನಾವೇ ಪತ್ತೆ ಹಚ್ಚಬಹುದು. ಅದಕ್ಕೆ ಬೇಕಾದ ವಿಜ್ಞಾನವೆಲ್ಲ ಹೈಸ್ಕೂಲು, ಪಿಯುಸಿ ಪುಸ್ತಕಗಳಲ್ಲೇ ಇದೆ.

ಒಳಗೇನಿದೆ?

ಗೀಸರ್ ಎಂದರೆ ಶಾಖ ಸೋರದಂತೆ ಹೊದಿಕೆ ಹೊದಿಸಿದ ಒಂದು ತೊಟ್ಟಿ. ಒಳಗೆ ನೀರು ಕಾಯಿಸುವ ಕಾಯಿಲ್, ಶಾಖ ಮಿತಿ ಮೀರದಂತೆ ಕಾಯುವ ಥರ್ಮೋಸ್ಟಾಟ್, ಅದು ಕೆಟ್ಟರೆ ವಿದ್ಯುತ್ ಕಡಿಯುವ ಕಟ್‌ಔಟ್, ಒತ್ತಡ ಹೆಚ್ಚಿದರೆ ನೀರು ಹೊರಬಿಡುವ ಸೇಫ್ಟಿ ವಾಲ್ವ್ ಇರುತ್ತವೆ.

15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 2,200 ಕಿಲೋಜೂಲ್ ಶಕ್ತಿ ಬೇಕು. 2,000 ವಾಟ್‌ನ ಗೀಸರ್ ಇದನ್ನು ಸುಮಾರು 18 ನಿಮಿಷಗಳಲ್ಲಿ ಕೊಡಬೇಕು. ಖರ್ಚು ಸುಮಾರು 0.6 ಯೂನಿಟ್. ನಿಮ್ಮ ಮನೆಯ ಗೀಸರಿಗೆ ಇದೇ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿದ್ದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ಲಕ್ಷಣ ನೋಡಿ, ರೋಗ ತಿಳಿಯಿರಿ

ದೀಪವೇ ಹೊತ್ತುತ್ತಿಲ್ಲವೆ? ಮೊದಲು ಎಂಸಿಬಿ ಕೆಳಗೆ ಬಿದ್ದಿದೆಯೇ ನೋಡಿ. ಪ್ಲಗ್ ಸುಟ್ಟು ಕಪ್ಪಾಗಿದ್ದರೆ ದೋಷ ಇರುವುದು ಸಡಿಲವಾದ ಸಾಕೆಟ್‌ನಲ್ಲಿ. 2,000 ವಾಟ್ ಎಂದರೆ ಸುಮಾರು 9 ಆಂಪಿಯರ್ ವಿದ್ಯುತ್. ಇದಕ್ಕೆ 16 ಆಂಪಿಯರ್‌ನ ಸಾಕೆಟ್ಟೇ ಬೇಕು.

ವಿದ್ಯುತ್ ಬರುತ್ತಿದ್ದೂ ನೀರು ಕಾಯುತ್ತಿಲ್ಲವೆ? ಕಟ್‌ಔಟ್ ಬಿದ್ದಿರಬಹುದು, ಇಲ್ಲವೇ ಕಾಯಿಲ್ ಸುಟ್ಟಿರಬಹುದು. ಪ್ಲಗ್ ಪೂರ್ತಿ ಕಿತ್ತ ಮೇಲೆ, ದೊಡ್ಡವರ ಸಮ್ಮುಖದಲ್ಲಿ, ಕಾಯಿಲ್‌ನ ತಂತಿಗಳನ್ನು ಬಿಡಿಸಿ ಮಲ್ಟಿಮೀಟರ್‌ನಿಂದ ಅದರ ರೋಧ ಅಳೆಯಬಹುದು. 230ರ ವರ್ಗವನ್ನು 2,000ದಿಂದ ಭಾಗಿಸಿದರೆ ಸುಮಾರು 26 ಓಮ್. ಮೀಟರ್ ಇದರ ಆಸುಪಾಸು ತೋರಿಸಿದರೆ ಕಾಯಿಲ್ ತುಂಡಾಗಿಲ್ಲ. ಏನೂ ತೋರಿಸದಿದ್ದರೆ ಬದಲಿಸಬೇಕು. ಕಟ್‌ಔಟ್‌ನ ಗುಂಡಿ ಒತ್ತಿದ ಮೇಲೂ ಅದು ಮತ್ತೆ ಮತ್ತೆ ಬೀಳುತ್ತಿದ್ದರೆ ಥರ್ಮೋಸ್ಟಾಟ್ ಮೇಲೆ ಅನುಮಾನ ಪಡಿ.

ನೀರು ನಿಧಾನವಾಗಿ ಕಾಯುತ್ತದೆ, ಒಳಗಿನಿಂದ ಗುಡುಗುಡು ಸದ್ದೂ ಬರುತ್ತದೆಯೆ? ಇದು ಕೊಳವೆಬಾವಿಯ ಗಡಸು ನೀರಿನ ಪ್ರಸಾದ. ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಈ ಪದರ ಶಾಖವನ್ನು ನೀರಿಗೆ ಸಲೀಸಾಗಿ ಬಿಟ್ಟುಕೊಡುವುದಿಲ್ಲ. ಕಾಯಿಲ್ ತಾನೇ ಬೆಂದು ಸುಟ್ಟುಹೋಗುತ್ತದೆ. ಗಡಸು ನೀರಿನ ಊರುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಇದನ್ನು ತೆಗೆಸಬೇಕು. ತೆಗೆದ ಪದರದ ಚೂರೊಂದನ್ನು ನಿಂಬೆರಸದಲ್ಲಿ ಹಾಕಿ ಮಕ್ಕಳಿಗೆ ತೋರಿಸಿ. ಏಳುವ ಗುಳ್ಳೆಗಳು ಇಂಗಾಲದ ಡೈಆಕ್ಸೈಡ್.

ನೀರು ತುಕ್ಕು ಬಣ್ಣಕ್ಕೆ ತಿರುಗಿದೆಯೆ? ಅನೇಕ ಗೀಸರುಗಳಲ್ಲಿ ಮೆಗ್ನೀಸಿಯಂ ಕಡ್ಡಿಯೊಂದಿರುತ್ತದೆ. ತೊಟ್ಟಿಯ ಕಬ್ಬಿಣ ತುಕ್ಕು ಹಿಡಿಯುವ ಬದಲು ಅದು ತಾನೇ ಸವೆದು ತೊಟ್ಟಿಯನ್ನು ಉಳಿಸುತ್ತದೆ. ಹಂಫ್ರಿ ಡೇವಿ 1824ರಲ್ಲಿ ಹಡಗುಗಳ ತಾಮ್ರದ ತಗಡನ್ನು ಉಳಿಸಲು ಕಂಡುಕೊಂಡ ಉಪಾಯವೇ ಇದು. ಕಡ್ಡಿ ಸವೆದು ಮುಗಿಯುವ ಮೊದಲೇ ಬದಲಿಸಿದರೆ ತೊಟ್ಟಿ ಬಾಳುತ್ತದೆ. ತೊಟ್ಟಿಯೇ ತೂತಾದರೆ ಹೊಸ ಗೀಸರೇ ಗತಿ.

ಸೇಫ್ಟಿ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತಿದೆಯೆ? ಕಾಯುವಾಗ ಮಾತ್ರ ತುಸು ಹನಿ ಬಿದ್ದರೆ ಗಾಬರಿ ಬೇಡ. 15 ಲೀಟರ್ ನೀರು 60 ಡಿಗ್ರಿಗೆ ಕಾಯುವಷ್ಟರಲ್ಲಿ ಸುಮಾರು 200 ಮಿಲಿಲೀಟರ್‌ನಷ್ಟು ಹಿಗ್ಗುತ್ತದೆ. ಸದಾ ಸೋರುತ್ತಿದ್ದರೆ ವಾಲ್ವ್ ಬದಲಿಸಿ. ಹನಿ ನಿಲ್ಲಿಸಲೆಂದು ಅದರ ಬಾಯಿಗೆ ಬೆಣೆ ಬಡಿಯುವುದು ಮಾತ್ರ ಮಹಾ ಅಪಾಯ. ಥರ್ಮೋಸ್ಟಾಟೂ ಕೆಟ್ಟ ದಿನ ಗೀಸರ್ ಬಾಂಬಿನಂತೆ ಸಿಡಿಯಬಲ್ಲದು.

ಇಲ್ಲಿ ಕೈ ಹಾಕಬೇಡಿ

ನಲ್ಲಿ ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೂ ಸ್ನಾನ ನಿಲ್ಲಿಸಿ ಹೊರಬನ್ನಿ, ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಕಾಯಿಲ್‌ನ ಹೊರಕವಚ ಸೀಳಿ, ಅರ್ಥಿಂಗೂ ಸರಿಯಿಲ್ಲದಿದ್ದರೆ ಹೀಗಾಗುತ್ತದೆ. ಒದ್ದೆ ಮೈಯಲ್ಲಿ ಈ ‘ಜುಮ್’ ಪ್ರಾಣವನ್ನೇ ತೆಗೆದೀತು. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಮನೆಯಲ್ಲಿರಲಿ. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಸ್ವಿಚ್ ಆರಿಸಿದೊಡನೆ ವಿದ್ಯುತ್ ಹೋಯಿತೆಂದು ನಂಬಬೇಡಿ. ವೈರಿಂಗ್ ತಪ್ಪಾಗಿದ್ದರೆ ಸ್ವಿಚ್ಚು ನ್ಯೂಟ್ರಲ್ ತಂತಿಯನ್ನಷ್ಟೇ ಕಡಿದಿರಬಹುದು. ಪ್ಲಗ್ ಇಲ್ಲದೆ ನೇರ ಜೋಡಿಸಿದ ಗೀಸರನ್ನಂತೂ ಬಿಚ್ಚಲೇಬೇಡಿ.

ಗ್ಯಾಸ್ ಗೀಸರಿನ ರಿಪೇರಿ ಮನೆಯವರ ಕೆಲಸವಲ್ಲ. ಗಾಳಿಯಾಡದ ಬಚ್ಚಲಿನಲ್ಲಿ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಬಣ್ಣ, ವಾಸನೆ ಎರಡೂ ಇಲ್ಲದ ಈ ಅನಿಲ ಸ್ನಾನಕ್ಕೆ ಹೋದವರನ್ನು ಸದ್ದಿಲ್ಲದೆ ಕೊಂದಿದೆ. ಅದನ್ನು ಬಚ್ಚಲಿನ ಹೊರಗೆ, ಗಾಳಿ ಓಡಾಡುವ ಕಡೆಯೇ ಜೋಡಿಸಬೇಕು.

ರಿಪೇರಿ ಮುಗಿದ ಮೇಲೆ ಇನ್ನೊಂದು ಮಾತು ನೆನಪಿರಲಿ. ಬಿಸಿನೀರಿನ ನಲ್ಲಿ ತಿರುಗಿಸಿ, ನೀರು ಧಾರೆಯಾಗಿ ಬಂದ ಮೇಲಷ್ಟೇ ಸ್ವಿಚ್ ಹಾಕಿ. ತೊಟ್ಟಿ ಖಾಲಿಯಿದ್ದರೆ ಹೊಸ ಕಾಯಿಲ್ ಕೂಡ ಕೆಲವೇ ನಿಮಿಷಗಳಲ್ಲಿ ಸುಟ್ಟು, ಖರ್ಚು ಮಾಡಿದ ದುಡ್ಡೆಲ್ಲ ನೀರಿಲ್ಲದೆಯೇ ನೀರುಪಾಲಾದೀತು.