ಹೆಸರಿನ ಬಾಡಿಗೆ: ಫ್ರಾಂಚೈಸಿ ಕರಾರುಗಳೂ ಶಾಸನದ ಕಟ್ಟಳೆಗಳೂ

ವಿಶಾಖಪಟ್ಟಣದ ಅಂಚಿನಲ್ಲಿ, ಅರಕುವಿಗೆ ಹೋಗುವ ಹಾದಿಯ ಮೇಲಿರುವ ಪೆಂಡುರ್ತಿಯು ಈಗ ಮಹಾನಗರದ ಎಲ್ಲೆಯೊಳಗೇ ಸೇರಿದೆ. ಇಂತಹ ಕಡೆ ಉಪಾಹಾರಗೃಹವನ್ನು ತೆರೆಯಬಯಸಿದ ಕನ್ನಡಿಗನಿಗೆ ಹಿಂದೆ ಇದ್ದ ದಾರಿ ಸರ್ವವಿದಿತವಾದುದು. ಕರಾವಳಿಯಿಂದ ಬಂದ ಹುಡುಗನು ಬಂಧುವಿನ ಹೋಟೆಲಿನಲ್ಲಿ ಲೋಟ ತೊಳೆದು, ಅಡುಗೆ ಕಲಿತು, ಗಲ್ಲಾದಲ್ಲಿ ಕುಳಿತು, ಕೊನೆಗೆ ಮತ್ತೊಂದು ಊರಿನಲ್ಲಿ ತನ್ನದೇ ಒಲೆ ಹೂಡುತ್ತಿದ್ದನು. ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸನ್ನು ಕಟ್ಟಿದ ಕೆ. ಕೃಷ್ಣರಾಯರೂ ಅಡುಗೆಮನೆಯ ದುಡಿಮೆಯಿಂದಲೇ ಮೇಲೆ ಬಂದವರು. ಹಲಗೆಯ ಮೇಲೆ ‘ಉಡುಪಿ’ ಎಂದು ಬರೆಸಿದುದಕ್ಕಾಗಿ ಯಾರೂ ಯಾರಿಗೂ ಕಾಸು ಕೊಡಬೇಕಾಗಿರಲಿಲ್ಲ. ಕೇವಲ ಸ್ಥಳವನ್ನು ಸೂಚಿಸುವ ಹೆಸರನ್ನು ಒಬ್ಬನ ಸ್ವತ್ತಾಗಿ ನೋಂದಾಯಿಸಲು 1999ರ ವ್ಯಾಪಾರ ಚಿಹ್ನೆಗಳ ಶಾಸನದ 9ನೆಯ ಕಲಮು ಇಂದಿಗೂ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ.

ಈಗಿನ ಇನ್ನೊಂದು ದಾರಿ ಫ್ರಾಂಚೈಸಿಯದು. ಪ್ರವೇಶಶುಲ್ಕ, ಠೇವಣಿ, ತಿಂಗಳ ಮಾರಾಟದಲ್ಲಿ ಇಂತಿಷ್ಟು ಪಾಲಿನ ರಾಯಲ್ಟಿ—ಇವನ್ನು ತೆತ್ತು, ಅನ್ಯನ ಹೆಸರನ್ನೂ ಪಾಕಕ್ರಮವನ್ನೂ ಅವಧಿಯವರೆಗೆ ಪಡೆಯುವುದು. ಇದಕ್ಕಾಗಿ ಮನೆಯನ್ನು ಅಡಮಾನವಿಟ್ಟು ಸಾಲ ತೆಗೆಯುವವರು ಕಡಿಮೆಯಲ್ಲ. ಹೆಸರು ಕೊಟ್ಟವನ ಜೊತೆಗಿನ ಕರಾರು ಮುರಿದರೂ ಸಾಲದ ಕರಾರು ಮುರಿಯುವುದಿಲ್ಲವೆಂಬುದನ್ನು ಮೊದಲೇ ಲಕ್ಷ್ಯದಲ್ಲಿಡತಕ್ಕದ್ದು. ಬ್ಯಾಂಕಿಗೆ ಬದ್ಧನಾದವನು ಅಂಗಡಿಕಾರನೇ ಹೊರತು ಹೆಸರಿನ ಒಡೆಯನಲ್ಲ.

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಶಾಸನವಿಲ್ಲ. 2003ರಲ್ಲಿ ಸೇವಾ ತೆರಿಗೆಯ ಕಾನೂನು ಆ ಶಬ್ದಕ್ಕೊಂದು ವ್ಯಾಖ್ಯೆಯನ್ನು ಕೊಟ್ಟಿತ್ತಾದರೂ ಅದು ತೆರಿಗೆ ವಸೂಲಿಗಾಗಿ ಮಾತ್ರ. ಆ ತೆರಿಗೆಯೂ ಈಗ ಇಲ್ಲ. ಅಮೆರಿಕೆಯಲ್ಲಿ 1979ರಿಂದಲೂ ಹೆಸರು ಕೊಡುವವನು ತನ್ನ ವ್ಯವಹಾರದ ವಿವರಗಳನ್ನು ಬರೆಹದಲ್ಲಿ ಮುಂಗಡವಾಗಿ ಒಪ್ಪಿಸಲೇಬೇಕು. ಈಗಿನ ನಿಯಮದಂತೆ ರುಜುವಿಗೂ ಹಣಕ್ಕೂ 14 ದಿನ ಮುಂಚೆ. ನಮ್ಮಲ್ಲಿ ಅಂಥ ಕಟ್ಟಳೆಯಿಲ್ಲವಾದುದರಿಂದ ಕೇಳಿ ಪಡೆಯುವ ಹೊಣೆ ಪೂರ್ತಿಯಾಗಿ ಪಡೆಯುವವನದೇ. ಪ್ರತ್ಯೇಕ ಶಾಸನವಿಲ್ಲವೆಂದರೆ ಶಾಸನವೇ ಇಲ್ಲವೆಂದಲ್ಲ. ಹತ್ತು ಕಡೆ ಚದುರಿದ ಕಟ್ಟಳೆಗಳು ಇದೊಂದೇ ಅಂಗಡಿಯ ಮೇಲೆ ಬಂದು ಬೀಳುತ್ತವೆ.

ಮೊದಲನೆಯದು ಹೆಸರಿನ ಒಡೆತನ. ಕೊಡುವವನಿಗೆ ಆ ಹೆಸರು ನಿಜವಾಗಿ ಇದೆಯೆ, ಇದ್ದರೆ ಯಾವ ವರ್ಗದ ಪದಾರ್ಥ ಅಥವಾ ಸೇವೆಗೆ ಇದೆ? ಅರ್ಜಿ ಮಾತ್ರ ಹಾಕಿ, ನೋಂದಣಿಯಾಗಿದೆಯೆಂದು ತೋರಿಸಿಕೊಳ್ಳುವುದು ಸಾಮಾನ್ಯವಾಗಿ ಕಾಣುವ ಉಲ್ಲಂಘನೆ. 107ನೆಯ ಕಲಮು ಅದನ್ನು ನಿಷೇಧಿಸುತ್ತದೆ. ವರ್ಗದ ಮಹತ್ವವನ್ನು ಬೆಂಗಳೂರಿನ ಮೊಕದ್ದಮೆಯೊಂದು ಚೆನ್ನಾಗಿ ತೋರಿಸಿಕೊಟ್ಟಿದೆ. ಕರ್ನಾಟಕ ಹಾಲು ಮಹಾಮಂಡಲದ ‘ನಂದಿನಿ’ಗೂ ‘ನಂದಿನಿ ಡಿಲಕ್ಸ್’ ಎಂಬ ಉಪಾಹಾರಗೃಹಕ್ಕೂ ನಡೆದ ವಿವಾದದಲ್ಲಿ, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು ಉಳಿದವುಗಳಿಗೆ ಉಪಾಹಾರಗೃಹವು ತನ್ನ ಚಿಹ್ನೆಯನ್ನು ನೋಂದಾಯಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಒಂದು ಬಗೆಯ ಪದಾರ್ಥಕ್ಕೆ ನೋಂದಣಿಯಾದ ಮಾತ್ರಕ್ಕೆ ಆ ಹೆಸರು ಎಲ್ಲ ವ್ಯಾಪಾರಕ್ಕೂ ಅನನ್ಯವಾಗುವುದಿಲ್ಲ. ನೋಂದಣಿಯಾದ ಚಿಹ್ನೆಯನ್ನು ಅನ್ಯನು ಬಳಸುವುದಾದರೆ ಒಡೆಯನ ಒಪ್ಪಿಗೆಯು ಲಿಖಿತ ಕರಾರಿನಲ್ಲಿರಬೇಕು, ಬಾಯಿಮಾತು ಸಾಲದು.

ಎರಡನೆಯದು ನಿರ್ಬಂಧಗಳ ಮಾತು. ಅವಧಿಯಲ್ಲಿ ಬೇರೆಯವರ ಸರಕನ್ನು ಮಾರಕೂಡದು, ಅವಧಿ ಮುಗಿದ ಮೇಲೂ ಇಂತಿಷ್ಟು ವರ್ಷ ಅದೇ ಕಸುಬನ್ನು ಮಾಡಕೂಡದು ಎಂಬ ಷರತ್ತುಗಳು ಇಂಥ ಕರಾರುಗಳಲ್ಲಿ ಸಾಧಾರಣ. 1872ರ ಕರಾರು ಶಾಸನದ 27ನೆಯ ಕಲಮು ವ್ಯಾಪಾರವನ್ನು ತಡೆಯುವ ಒಪ್ಪಂದವನ್ನು ಆ ಮಟ್ಟಿಗೆ ಶೂನ್ಯವೆನ್ನುತ್ತದೆ. ಗುಜರಾತ್ ಬಾಟ್ಲಿಂಗ್ ಕಂಪನಿಗೂ ಕೋಕಾಕೋಲಾಕ್ಕೂ ನಡೆದ ಮೊಕದ್ದಮೆಯಲ್ಲಿ (1995) ಸರ್ವೋಚ್ಚ ನ್ಯಾಯಾಲಯವು ಅವಧಿಯೊಳಗಿನ ತಡೆಯನ್ನು ಎತ್ತಿಹಿಡಿಯಿತು. ವ್ಯಾಪಾರವನ್ನು ಬೆಳೆಸುವ ಕರಾರಿನಲ್ಲಿ ಅಂಥ ಷರತ್ತು ತಡೆಯಾಗದೆಂಬುದು ಅದರ ತಾತ್ಪರ್ಯ. ಕರಾರು ಮುಗಿದ ಮೇಲಿನ ತಡೆ ನಿಲ್ಲದೆಂಬುದನ್ನು ಕ್ರಿಕೆಟ್ ಆಟಗಾರ ಜಹೀರ್ ಖಾನರ ಮೊಕದ್ದಮೆಯಲ್ಲಿ (2006) ಅದೇ ನ್ಯಾಯಾಲಯವು ಹೇಳಿತು. ಅಂದರೆ ಕರಾರು ಮುಗಿದವನು ಹಲಗೆಯನ್ನು ಇಳಿಸಬೇಕು, ಹೆಸರನ್ನು ಬಿಡಬೇಕು. ಆದರೆ ಇಡ್ಲಿ ಬೇಯಿಸುವುದನ್ನು ಬಿಡಬೇಕಾಗಿಲ್ಲ. ಠೇವಣಿಯನ್ನು ಪೂರ್ತಿ ಮುಟ್ಟುಗೋಲು ಹಾಕುವ ಷರತ್ತೂ 74ನೆಯ ಕಲಮಿನ ಪರೀಕ್ಷೆಗೆ ಒಳಪಟ್ಟಿದೆ: ಯುಕ್ತವಾದ ಪರಿಹಾರಕ್ಕಿಂತ ಹೆಚ್ಚು ಸಲ್ಲದು. ಇದನ್ನು ಅರಿಯದೆ ಹೆದರಿ ಒಲೆ ಆರಿಸಿದವನ ನಷ್ಟಕ್ಕೆ ಕಾನೂನು ಕಾರಣವಲ್ಲ.

ಅಡುಗೆಮನೆಗೆ ಬಂದರೆ, 2006ರ ಆಹಾರ ಸುರಕ್ಷತಾ ಶಾಸನದ ಪರವಾನಗಿಯು ಸ್ಥಳಕ್ಕೆ ಅಂಟಿದುದು. ದೊಡ್ಡ ಹೆಸರಿನವರ ಪರವಾನಗಿ ಸಂಖ್ಯೆಯನ್ನೇ ಪೆಂಡುರ್ತಿಯ ಗೋಡೆಗೆ ತೂಗುಹಾಕಿದರೆ ಅದು ಪರವಾನಗಿಯಾಗದು. ಪಾಲಿಕೆಯ ವ್ಯಾಪಾರ ಪರವಾನಗಿಯೂ ಹೀಗೆಯೇ.

ತೆರಿಗೆಯ ಲೆಕ್ಕವನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು. ಸಾಧಾರಣ ಉಪಾಹಾರಗೃಹವು ತನ್ನ ಬಿಲ್ಲಿನ ಮೇಲೆ ಶೇಕಡಾ 5ರ ಜಿಎಸ್‌ಟಿಯನ್ನು ವಸೂಲು ಮಾಡುತ್ತದೆ. ಆದರೆ 2017ರ ನವೆಂಬರಿನಿಂದ, ತಾನು ಕೊಳ್ಳುವಾಗ ತೆತ್ತ ತೆರಿಗೆಯನ್ನು ಅದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ರಾಯಲ್ಟಿಯ ಮೇಲಿನ ತೆರಿಗೆ ಶೇಕಡಾ 18. ಆದುದರಿಂದ 1,00,000 ರೂಪಾಯಿ ರಾಯಲ್ಟಿಗೆ ಕೈಬಿಡುವ ಹಣ 1,18,000. ಆ 18,000 ಮರಳಿ ಬಾರದು. ಹೆಸರು ಕೊಡುವವರ ಲಾಭದ ಅಂದಾಜುಪಟ್ಟಿಗಳಲ್ಲಿ ಈ ಸಾಲನ್ನು ಹುಡುಕಿ ನೋಡುವುದು ಲೇಸು. ಇನ್ನು ಒಂದೂವರೆ ಕೋಟಿಯೊಳಗಿನ ವಹಿವಾಟಿನವರು ಕಾಂಪೊಸಿಷನ್ ಪದ್ಧತಿಯನ್ನು ಆಯ್ದುಕೊಂಡರೆ ಗಿರಾಕಿಯಿಂದ ತೆರಿಗೆಯನ್ನು ವಸೂಲು ಮಾಡಲೇಬಾರದು. ಹೆಸರಿನ ಒಡೆಯನು ಕಳುಹಿಸಿದ ಬಿಲ್ಲಿನ ಯಂತ್ರವು ತಾನಾಗಿ ತೆರಿಗೆಯನ್ನು ಸೇರಿಸಿ ಮುದ್ರಿಸಿದರೂ ತಪ್ಪಿತಸ್ಥನು ಅಂಗಡಿಕಾರನೇ.

ಇನ್ನೊಂದು ನಮೂನೆಯೂ ಪ್ರಚಾರದಲ್ಲಿದೆ. ‘ಹಣ ಹೂಡಿರಿ, ಅಂಗಡಿಯನ್ನು ನಾವೇ ನಡೆಸುತ್ತೇವೆ, ತಿಂಗಳಿಗೆ ಇಷ್ಟು ಖಾತ್ರಿ’ ಎಂಬ ಆಶ್ವಾಸನೆ. ಇಲ್ಲಿ ಹೂಡುವವನು ವ್ಯಾಪಾರಿಯೊ ಠೇವಣಿದಾರನೊ ಎಂಬ ಪ್ರಶ್ನೆ ಏಳುತ್ತದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸಿದ 2019ರ ಶಾಸನವು ಇಂಥಲ್ಲಿ ಹಲಗೆಯನ್ನಲ್ಲ, ವ್ಯವಹಾರದ ತಿರುಳನ್ನು ನೋಡುತ್ತದೆ.

ಕಡೆಯದಾಗಿ ಕಾಗದಪತ್ರ. ಛಾಪಾ ಶುಲ್ಕ ಸಲ್ಲದ ಕರಾರನ್ನು 1899ರ ಶಾಸನದ 35ನೆಯ ಕಲಮಿನಂತೆ, ಶುಲ್ಕವನ್ನೂ ದಂಡವನ್ನೂ ತೆರುವ ತನಕ ನ್ಯಾಯಸ್ಥಾನವು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ವರ್ಷಕ್ಕೆ ಮೀರಿದ ಅವಧಿಯ ಮಳಿಗೆಯ ಗುತ್ತಿಗೆಪತ್ರವನ್ನು ನೋಂದಾಯಿಸಲೇಬೇಕು. ಮಳಿಗೆಯ ಗುತ್ತಿಗೆ ಮೂರು ವರ್ಷ, ಫ್ರಾಂಚೈಸಿ ಐದು ವರ್ಷ, ಸಾಲದ ಕಂತು ಏಳು ವರ್ಷ—ಹೀಗೆ ಅವಧಿಗಳು ಒಂದಕ್ಕೊಂದು ಹೊಂದದ ಕಡತವು ಬ್ಯಾಂಕಿನ ಮೇಜಿಗೆ ಬಂದರೆ, ಸಾಲ ಮಂಜೂರಾಗುವ ಮುನ್ನವೇ ಮೂರನ್ನೂ ಒಂದೇ ಅವಧಿಗೆ ತಿದ್ದಿಸಿಕೊಂಡು ಬರುವುದು ಅರ್ಜಿದಾರನಿಗೇ ಕ್ಷೇಮ.