ಅಜ್ಜಿಯ ನೋಂಪಿ ಹಾಡು ಉಳಿಯಬೇಕಾದರೆ: ಮೌಖಿಕ ಪರಂಪರೆ ಮತ್ತು ನಮ್ಮ ಮೊಬೈಲ್



ನಮ್ಮಲ್ಲಿ ಶಾಸ್ತ್ರಜ್ಞಾನಕ್ಕೆ ‘ಶ್ರುತ’ ಎಂಬ ಹೆಸರಿದೆ. ಶ್ರುತ ಎಂದರೆ ಕೇಳಿದ್ದು. ಭಗವಾನ್ ಮಹಾವೀರರ ದಿವ್ಯಧ್ವನಿಯನ್ನು ಗಣಧರರು ಕೇಳಿದರು. ಅವರಿಂದ ಅದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹರಿದು ಬಂತು. ಕಾಲ ಕಳೆದಂತೆ ಸ್ಮರಣಶಕ್ತಿ ಕುಂದಿತು. ನಿರ್ವಾಣದ ನಂತರದ 683 ವರ್ಷಗಳಲ್ಲಿ ಅಂಗಜ್ಞಾನ ಹಂತ ಹಂತವಾಗಿ ಕ್ಷೀಣಿಸಿತೆಂದು ದಿಗಂಬರ ಪರಂಪರೆ ಹೇಳುತ್ತದೆ. ಆಗ ಗಿರನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಉಳಿದಷ್ಟಾದರೂ ಉಳಿಯಲಿ ಎಂದು ಇಬ್ಬರು ಮುನಿಗಳನ್ನು ಕರೆಸಿ ಪಾಠ ಹೇಳಿದರು. ಆ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರಿಂದ ಷಟ್ಖಂಡಾಗಮ ಬರಹಕ್ಕೆ ಇಳಿಯಿತು. ಅದರ ನೆನಪಿಗಾಗಿಯೇ ನಾವು ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪಂಚಮಿ ಆಚರಿಸುತ್ತೇವೆ.

ಆ ಗ್ರಂಥ ವೀರಸೇನಾಚಾರ್ಯರ ಧವಲಾ ಟೀಕೆಯೊಂದಿಗೆ ನಮ್ಮ ಮೂಡಬಿದಿರೆಯ ತಾಡವೋಲೆಗಳಲ್ಲಿ ಉಳಿದಿತ್ತು. 1939ರಿಂದ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾಗಿ ಹೊರಬಂತು. ಬಾಯಿಂದ ಓಲೆಗೆ, ಓಲೆಯಿಂದ ಅಚ್ಚಿಗೆ. ಆಯಾ ಕಾಲದ ಸಾಧನವನ್ನು ನಮ್ಮ ಹಿರಿಯರು ದೂರ ಇಡಲಿಲ್ಲ. ಈಗ ನಮ್ಮ ಕೈಗೆ ಬಂದಿರುವ ಸಾಧನ ಡಿಜಿಟಲ್.

ಬರಹಕ್ಕೆ ಬಾರದೆ ಉಳಿದದ್ದು ಏನು?

ಗ್ರಂಥಗಳು ಉಳಿದವು. ಆದರೆ ಮನೆಯ ಹೆಣ್ಣುಮಕ್ಕಳ ಬಾಯಲ್ಲಿದ್ದದ್ದು ಹೆಚ್ಚಾಗಿ ಹಾಗೇ ಉಳಿಯಿತು. ಅನಂತನ ನೋಂಪಿ, ಜೀವದಯಾಷ್ಟಮಿ ನೋಂಪಿಗಳಲ್ಲಿ ಹೇಳುವ ಕಥೆ, ಆರತಿ ಹಾಡು, ತೀರ್ಥಂಕರರ ತೊಟ್ಟಿಲ ಹಾಡು, ಮದುವೆಯ ಶೋಭಾನೆ, ಬಸದಿಯ ಬಗ್ಗೆ ಊರ ಹಿರಿಯರು ಹೇಳುವ ಸಂಗತಿಗಳು ಇವೆಲ್ಲ ಈ ಸಾಲಿಗೆ ಸೇರುತ್ತವೆ.

ನೋಂಪಿ ಕಥೆಗಳ ಪುಸ್ತಕ ಬಂದಿವೆಯಲ್ಲ ಎಂದು ಕೇಳಬಹುದು. ಪುಸ್ತಕದಲ್ಲಿ ಪದ ಸಿಗುತ್ತದೆ, ಧಾಟಿ ಸಿಗುವುದಿಲ್ಲ. ರತ್ನಾಕರವರ್ಣಿಯ ಭರತೇಶ ವೈಭವ ಸಾಂಗತ್ಯದಲ್ಲಿದೆ, ಅಂದರೆ ಹಾಡಲೆಂದೇ ಕಟ್ಟಿದ ಕಾವ್ಯ. ಅಚ್ಚಾದ ಪ್ರತಿ ಅನೇಕರ ಕಪಾಟಿನಲ್ಲಿರಬಹುದು, ಅದನ್ನು ರಾಗವಾಗಿ ಹಾಡಬಲ್ಲವರು ನಿಮ್ಮ ಬೀದಿಯಲ್ಲಿ ಎಷ್ಟು ಮಂದಿ? ಎಂಬತ್ತು ದಾಟಿದ ಒಬ್ಬ ಅಜ್ಜಿ ಹೋದರೆ ಕೆಲವು ಹಾಡು ಅವರೊಂದಿಗೇ ಹೋಗುತ್ತವೆ. ಆ ನಷ್ಟವನ್ನು ಯಾವ ಖಾತೆಯಲ್ಲಿಯೂ ಜಮಾ ಮಾಡಿಕೊಳ್ಳಲು ಬರುವುದಿಲ್ಲ.

ರೆಕಾರ್ಡ್ ಮಾಡುವುದು ಹೇಗೆ?

ದುಬಾರಿ ಯಂತ್ರ ಬೇಕಿಲ್ಲ, ಸಾಧಾರಣ ಸ್ಮಾರ್ಟ್‌ಫೋನ್ ಸಾಕು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಫ್ಯಾನ್, ಟಿವಿ ನಿಲ್ಲಿಸಿ. ಫೋನನ್ನು ಹಾಡುವವರಿಂದ ಸುಮಾರು ಒಂದು ಅಡಿ ದೂರದಲ್ಲಿ ಮಡಚಿದ ಬಟ್ಟೆಯ ಮೇಲೆ ಇಡಿ. ರೆಕಾರ್ಡರ್ ಆ್ಯಪ್‌ನಲ್ಲಿ ಎಂಪಿ3 ಬದಲು ‘ವೇವ್’ ಆರಿಸಿಕೊಳ್ಳಿ. ಎಂಪಿ3 ಫೈಲು ಚಿಕ್ಕದಾಗಲು ಧ್ವನಿಯ ಒಂದಷ್ಟು ಅಂಶವನ್ನು ಬಿಟ್ಟುಬಿಡುತ್ತದೆ, ಬಿಟ್ಟದ್ದು ಮತ್ತೆ ಸಿಗುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್ ಮಾನೋದಲ್ಲಿ ಒಂದು ಗಂಟೆಗೆ ಸುಮಾರು 520 ಎಂಬಿ ಜಾಗ ಬೇಕು. 64 ಜಿಬಿಯ ಕಾರ್ಡಿನಲ್ಲಿ ನೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ.

ಹಾಡಿನ ಮೊದಲು ಹಾಡುವವರೇ ತಮ್ಮ ಹೆಸರು, ಊರು, ಹಾಡನ್ನು ಕಲಿತದ್ದು ಯಾರಿಂದ, ಯಾವ ಸಂದರ್ಭದಲ್ಲಿ ಹಾಡುತ್ತಾರೆ ಎಂದು ಹೇಳಲಿ. ಮಧ್ಯೆ ಮರೆತರೆ ತಿದ್ದಲು ಹೋಗಬೇಡಿ. ಇನ್ನೊಂದು ಊರಿನ ಪಾಠ ಬೇರೆ ಇದ್ದರೆ ಅದೂ ಸರಿಯೇ, ಎರಡನ್ನೂ ಇಟ್ಟುಕೊಳ್ಳಿ. ತುಳುವಿನಲ್ಲಿ ಕಥೆ ಹೇಳುವವರು ತುಳುವಿನಲ್ಲೇ ಹೇಳಲಿ.

ಹಳೆಯ ಕ್ಯಾಸೆಟ್ ಇದ್ದರೆ

ಪಂಚಕಲ್ಯಾಣ, ಪ್ರವಚನ, ಭಜನೆಗಳ ಕ್ಯಾಸೆಟ್ ಎಷ್ಟೋ ಮನೆಗಳ ಅಟ್ಟದಲ್ಲಿವೆ. ಕರಾವಳಿ, ಮಲೆನಾಡಿನ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಮೊದಲು ಕ್ಯಾಸೆಟ್‌ನ ಹಿಂಬದಿಯ ಅಂಚಿನಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ನಾಲಿಗೆಗಳನ್ನು ಮುರಿಯಿರಿ. ಆಗ ಕೈತಪ್ಪಿ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಬಳಿಕ ಪ್ಲೇಯರ್‌ನಿಂದ ಕಂಪ್ಯೂಟರಿಗೆ ವೈರ್ ಹಾಕಿ, ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶದಲ್ಲಿ ಇಳಿಸಿಕೊಳ್ಳಬಹುದು. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆ ಬೇಕೇ ಬೇಕು.

ಇಡುವುದು ಎಲ್ಲಿ?

ವ್ಯಾಪಾರದಲ್ಲಿ ಎಲ್ಲ ದುಡ್ಡನ್ನೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಇಡುವುದಿಲ್ಲ. ಇಲ್ಲಿಯೂ ಹಾಗೆಯೇ. ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಪ್ರತಿ ಬೇರೆ ಊರಿನಲ್ಲಿ. ಉದಾಹರಣೆಗೆ ಒಂದು ಮನೆಯ ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಕ್ಲೌಡ್‌ನಲ್ಲಿ, ಒಂದು ಬೇರೆ ಊರಿನ ಬಂಧುಗಳ ಹಾರ್ಡ್ ಡಿಸ್ಕ್‌ನಲ್ಲಿ. ಪೆನ್ ಡ್ರೈವ್ ಸಾಗಿಸಲು ಸರಿ, ವರ್ಷಾನುಗಟ್ಟಲೆ ನಂಬಿ ಇಡಲು ಅಲ್ಲ. ವರ್ಷಕ್ಕೊಮ್ಮೆ ತೆರೆದು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಎಂದು ಕಳಿಸಿ.

ಫೈಲಿಗೆ ಊರು, ಹಾಡಿನ ಹೆಸರು, ದಿನಾಂಕ ಸೇರಿಸಿ ಹೆಸರಿಡಿ. ಹೆಸರಿಲ್ಲದ ಫೈಲು ಚೀಟಿ ಇಲ್ಲದ ಮೂಟೆಯಂತೆ, ಒಳಗೆ ಏನಿದೆ ಎಂದು ಮುಂದಿನವರಿಗೆ ತಿಳಿಯದು. ಸಾಹಿತ್ಯವನ್ನು ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿ. ಹಳೆಯ ಫಾಂಟ್‌ಗಳಲ್ಲಿ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗದು.

ಒಪ್ಪಿಗೆ ಮುಖ್ಯ

ಅಚೌರ್ಯ ನಮ್ಮ ಅಣುವ್ರತಗಳಲ್ಲಿ ಒಂದು. ಕೊಡದೆ ಇದ್ದುದನ್ನು ತೆಗೆದುಕೊಳ್ಳಬಾರದು. ಹಾಡಿದವರ ಒಪ್ಪಿಗೆ ಇಲ್ಲದೆ ಯೂಟ್ಯೂಬಿಗೆ ಹಾಕುವುದು ಅದೇ ಲೆಕ್ಕಕ್ಕೆ ಬರುತ್ತದೆ. ಕೆಲವು ಹಿರಿಯರು ನೋಂಪಿ ಹಾಡನ್ನು ಪೂಜೆಯ ಹೊತ್ತಿನಲ್ಲಿ ಮಾತ್ರ ಹಾಡಬೇಕು ಎನ್ನುತ್ತಾರೆ. ಅಂಥವರಲ್ಲಿ “ಮನೆಯವರಿಗಷ್ಟೇ ಇಟ್ಟುಕೊಳ್ಳಲೇ ಅಜ್ಜಿ, ಎಲ್ಲರಿಗೂ ಕೇಳಿಸಲೇ?” ಎಂದು ಕೇಳಿ, ಅವರು ಹೇಳಿದಂತೆ ನಡೆಯಿರಿ. ಉತ್ತರವನ್ನೂ ರೆಕಾರ್ಡ್ ಮಾಡಿಕೊಳ್ಳಿ.

ಕೊನೆಯದಾಗಿ

ಫೈಲಿನಲ್ಲಿ ಇರುವುದು ಹಾಡಿನ ಪ್ರತಿ ಮಾತ್ರ. ಯಾರೂ ಹಾಡದಿದ್ದರೆ ಅದು ಕಪಾಟಿನಲ್ಲಿ ಬೀಗ ಹಾಕಿಟ್ಟ ಓಲೆಯಾಗುತ್ತದೆ. ಆದ್ದರಿಂದ ರೆಕಾರ್ಡ್ ಮಾಡಿದ ಹಾಡನ್ನು ಪಾಠಶಾಲೆಯ ಮಕ್ಕಳಿಗೆ ಕಲಿಸಿ. ಚಾತುರ್ಮಾಸ, ದಶಲಕ್ಷಣ ಪರ್ವದಲ್ಲಿ ಹಿರಿಯರೂ ಕಿರಿಯರೂ ಬಸದಿಯಲ್ಲಿ ಒಟ್ಟಾಗಿ ಸಿಗುತ್ತಾರೆ, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಪ್ರತಿ ಮನೆಯಿಂದ ಒಂದು ಹಾಡು, ಅದನ್ನು ಕಲಿತ ಒಂದು ಮಗು. ಮುಂದಿನ ಶ್ರುತಪಂಚಮಿಯೊಳಗೆ ಇಷ್ಟಾದರೂ ಮಾಡೋಣ.